ಇಳಿಜಾರು

ಷೆಫೀಲ್ಡಿನಲ್ಲಿ ಸಮತಟ್ಟು ಬೀದಿ ಸಿಕ್ಕರೆ ಅದು ನಕ್ಷೆಯ ತಪ್ಪು.
ವಾಕ್ಲಿಯ ನಮ್ಮ ಮನೆಯ ಬಾಗಿಲು ತೆಗೆದರೆ
ಕಾಲಡಿಯಲ್ಲೇ ಇಳಿಜಾರು,
ಅದರ ತುದಿಗೆ ಟ್ರಾಮಿನ ಹಳಿ.

ಪ್ರಾಮಿನ ಹಿಡಿಗೂ ನನ್ನ ಮಣಿಕಟ್ಟಿಗೂ
ಅವ್ವನ ಹಳೆ ಇಳಕಲ್ ಸೀರೆಯ ಅಂಚು ಹರಿದು
ಗಂಟು ಹಾಕಿದ್ದೆ, ಎರಡು ಸುತ್ತು.
ಕೈ ಜಾರೀತೆಂದು ಹೆದರಿರಲಿಲ್ಲ.
ಬಿಟ್ಟುಬಿಡೋಣ ಎಂದು ಕೈ ತಾನೇ ಯೋಚಿಸೀತೆಂದು.
ಚಳಿಗೆ ಕಟ್ಟಿದ್ದೇನೆ ಅಂದಿದ್ದೆ ವೀರೇಶನಿಗೆ.

ಅವ್ವ ಗದಗಿನಿಂದ ಫೋನಿನಲ್ಲೇ ಬಾಣಂತನ ಮಾಡಿದಳು,
ವೀಸಾ ಎರಡು ಸಲ ತಿರುಗಿ ಬಂದಿತ್ತು.
‘ಕಿವಿಗೆ ಅರಳಿ ಇಟ್ಕೊಂಡೀಯಿಲ್ಲೊ? ತಲಿಗೆ ಗಾಳಿ ಹೊಕ್ಕೀತು.’
ಇಟ್ಟುಕೊಂಡರೂ ಅಳು ಕೇಳುತ್ತಿತ್ತು.
ನಲ್ಲಿ ಬಿಟ್ಟರೆ ನೀರಿನೊಳಗೆ,
ಕೆಟಲ್ ಕುದಿದರೆ ಆವಿಯೊಳಗೆ.
ಓಡಿ ಹೋದರೆ ಅವಳು ನಿದ್ದೆಯಲ್ಲಿ, ಮುಷ್ಟಿ ಬಿಗಿದು,
ನನ್ನ ಬಗ್ಗೆ ಏನೋ ಗೊತ್ತಿದ್ದವಳಂತೆ.

ಯಾರದೋ ಮಗು, ನಮ್ಮಲ್ಲಿ ಬಿಟ್ಟು ಹೋಗಿದ್ದಾರೆ,
ತಾಯಿ ಬಂದು ಕೇಳಿದ ದಿನ
ಒಂದು ಗೀರೂ ಇಲ್ಲದೆ ಒಪ್ಪಿಸಬೇಕು.
ಹಾಗೆ ನೋಡಿಕೊಂಡೆ.

ರಾತ್ರಿ ಉಸಿರು ಎಣಿಸುತ್ತಿದ್ದೆ.
ನಾನ್ನೂರು ಹತ್ತು ಸಲ ಆದರೆ ಬೆಳಗಾಗುತ್ತದೆಂದು
ನಾನೇ ಕಟ್ಟಿಕೊಂಡ ಲೆಕ್ಕ,
ನಡುವೆ ತಪ್ಪಿದರೆ ಮತ್ತೆ ಒಂದರಿಂದ.
ಡಿಸೆಂಬರಿನಲ್ಲಿ ಇಲ್ಲಿ ಬೆಳಗು ಎಂಟಕ್ಕೆ,
ಅದೂ ಮನಸ್ಸಿದ್ದರೆ.

ಹೆಲ್ತ್ ವಿಸಿಟರ್ ಜ್ಯಾನಿಸ್ ಬಂದಳು, ಮಂಡಿನೋವಿನವಳು,
ಬೀದಿ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.
ಮಗುವನ್ನು ತೂಗಿದಳು. ಪಟ್ಟಿಯಲ್ಲಿ ಚುಕ್ಕಿ ಇಟ್ಟಳು.
ಆಮೇಲೆ ನನ್ನ ಮಣಿಕಟ್ಟು ನೋಡಿದಳು,
ಗಂಟು ಉಜ್ಜಿ ಕೆಂಪಾದ ಜಾಗ.
‘ಎಷ್ಟು ದಿನದಿಂದ, ಲವ್?’
ಈ ಊರಲ್ಲಿ ಎಲ್ಲರೂ ಲವ್ ಅನ್ನುತ್ತಾರೆ,
ಬಸ್ಸಿನ ಡ್ರೈವರೂ, ಮೀನು ಮಾರುವವನೂ.
ಅವತ್ತು ಮಾತ್ರ ಅದು ನನಗೇ ಅಂದಂತಿತ್ತು.
ಹೇಳಿದೆ. ನನ್ನ ಇಂಗ್ಲಿಷಿನ ವ್ಯಾಕರಣವೆಲ್ಲ ಕಳಚಿ ಬಿತ್ತು.
ಈಗ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ ಎಂದು ಕಾದೆ.
ಅವಳು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿದಳು.

ಆಮೇಲೆ ದಿನಕ್ಕೊಂದು ಬಿಳಿ ಗುಳಿಗೆ.
ಮಂಗಳವಾರ ಚರ್ಚಿನ ಹಿಂದಿನ ಕೋಣೆ,
ಆರು ಹೆಂಗಸರು, ಮೆತ್ತಗಾದ ಬಿಸ್ಕತ್ತು.
ಅಲ್ಲೊಬ್ಬಳು ಮನೆಯ ಚಾಕುಗಳನ್ನೆಲ್ಲ
ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದಳಂತೆ,
ಈರುಳ್ಳಿ ಹೆಚ್ಚಬೇಕಾದರೆ ಮಳೆಯಲ್ಲಿ ಕಾರಿನ ತನಕ.
ಅವಳು ನಕ್ಕಳು. ನಾನೂ.
ತುಕ್ಕು ಹಿಡಿದ ಚಿಲಕ ಸರಿದ ಹಾಗೆ ಸದ್ದಾಯಿತು.

ಅವ್ವನಿಗೆ ಹೇಳಿದಾಗ ಬಹಳ ಹೊತ್ತು ಮಾತಿಲ್ಲ.
ಅತ್ತ ಕುಕ್ಕರ್ ಮೂರು ಕೂಗಿತು, ಆಕೆ ಆರಿಸಲಿಲ್ಲ.
‘ನಿನ್ನ ನಾನು ನಾಕ್ ತಿಂಗಳ ಎತ್ತಿಲ್ಲ.
ಎದುರಮನಿ ದ್ಯಾಮವ್ವ ಎತ್ತಿದ್ಲು.
ಹಾಲಿಗಷ್ಟ ನನ್ನ ಕಡೆ ತರ್ತಿದ್ಲು.’
ಮತ್ತೆ ಸುಮ್ಮನಾಗಿ,
‘ಅರಳಿ ತಗದೀಯೇನು?’
‘ತಗದೇನಿ’ ಅಂದೆ.

ಗುಣವಾಯಿತು ಅನ್ನುವುದು
ಇನ್ನೂ ನನಗೆ ದೊಡ್ಡದಾಗುವ ಅಂಗಿ.
ಒಂದು ರಾತ್ರಿ ನೂರಾ ಹನ್ನೆರಡಕ್ಕೇ ನಿದ್ದೆ ಬಂತು,
ಎಣಿಸುವವರಿಲ್ಲದೆಯೂ ಅವಳು ಉಸಿರಾಡಿದಳು.
ಮುಂದಿನ ವಾರ ಮತ್ತೆ ಒಂದರಿಂದ.

ಇವತ್ತು ಮಾರ್ಚಿನ ಬಿಸಿಲು, ಪ್ರಾಮು ಹೊರಗೆ ತಂದೆ.
ಎರಡು ಸುತ್ತಿನ ಕಡೆ ಒಂದು ಸುತ್ತು.
ಕೆಳಗೆ ಟ್ರಾಮು ಗಂಟೆ ಹೊಡೆಯಿತು.
ಜೋತಾಡುವ ಅಂಚಿನ ತುದಿ ಬಾಯಿಗಿಟ್ಟು
ಅವಳು ಚೀಪುತ್ತಿದ್ದಳು.
‘ಏ ಎಮ್ಮಿ, ಅದು ನಿಮ್ಮಜ್ಜಿ ಸೀರಿ’ ಅಂದೆ,
ಬ್ರೇಕಿನ ಮೇಲಿಂದ ಕಾಲು ತೆಗೆದೆ.