ತೊಂಬತ್ತನೆಯ ದಿನ

ಮುಳಬಾಗಿಲಿನ ಬಿಇಒ ಆಫೀಸಿಗೆ
ನಾನು ಸೇರಿ ಎಂಟು ತಿಂಗಳು.
ಮೇಜಿಗೆ ಬಂದ ಮೊದಲ ಪಿಂಚಣಿ ಕಡತ:
ಗಂಗುಲಮ್ಮ, ಡಿ ದರ್ಜೆ, ತಾಯಲೂರು ಶಾಲೆ.
ಅರ್ಹತಾ ಸೇವೆ ಒಂಬತ್ತು ವರ್ಷ
ಹನ್ನೊಂದು ತಿಂಗಳು ಹತ್ತೊಂಬತ್ತು ದಿನ.
ಬೇಕಾದದ್ದು ಹತ್ತು ವರ್ಷ.

ಬೆರಳು ಮಡಿಚಿದೆ, ಕ್ಯಾಲ್ಕುಲೇಟರ್ ಒತ್ತಿದೆ,
ಮತ್ತೆ ಬೆರಳು.
ಹನ್ನೊಂದು ದಿನ ಕಮ್ಮಿ.

ಎದುರಿನ ಸ್ಟೂಲಿನ ತುದಿಯಲ್ಲಿ ಕೂತಿದ್ದಳು,
ಪೂರ್ತಿ ಕೂತರೆ ಯಾರಾದರೂ ಏಳಿಸಿಯಾರು ಎಂಬ ಹಾಗೆ.
ಇದಕ್ಕೂ ಮೊದಲು ಹದಿನಾಲ್ಕು ವರ್ಷ
ಅದೇ ಅಂಗಳ ಗುಡಿಸಿದ್ದಾಳೆ;
ಅದಕ್ಕೆ ಕಾಗದವಿಲ್ಲ,
ಕಾಗದವಿಲ್ಲದ್ದನ್ನು ನಾನು ಎಣಿಸುವಂತಿಲ್ಲ.

ಕಾಗದ ಇದ್ದ ಮೊದಲ ಮೂರು ವರ್ಷದಲ್ಲೂ ತೂತುಗಳು.
ಎಂಬತ್ತೊಂಬತ್ತು ದಿನ ಕೆಲಸ, ಒಂದು ದಿನ ವಿರಾಮ,
ಮತ್ತೆ ಎಂಬತ್ತೊಂಬತ್ತು, ಮತ್ತೆ ಒಂದು.
ಸತತ ತೊಂಬತ್ತಾದರೆ ಆಕೆ ನೌಕರಳಾಗಿಬಿಟ್ಟಾಳು ಎಂದು
ಯಾರೋ ಜಾಣರು ಕತ್ತರಿಸಿಟ್ಟ ಹನ್ನೆರಡು ದಿನ.
ಹಾಜರಿ ಪುಸ್ತಕದಲ್ಲಿ ಹನ್ನೆರಡು ಕೆಂಪು ಗೆರೆ.

'ಆ ದಿನ ಏನು ಮಾಡ್ತಿದ್ರಿ?' ಎಂದೆ.
'ಬರ್ತಿದ್ದೆ ಮೇಡಮ್ಮೋರೆ.
ನಾನು ಬರದಿದ್ರೆ ಬೆಲ್ ಯಾರ್ ಹೊಡೀತಾರೆ?
ಹೊತ್ತು ನನಗೋಸ್ಕರ ಗೇಟತ್ರ ನಿಂತ್ಕಂಡಿರ್ತದಾ?'
ಆಮೇಲೆ ಸೆರಗಿನ ಅಂಚು ಸುತ್ತುತ್ತಾ,
'ಅಬದ್ಧಂ ಎಂದುಕು, ಎರಡು ದಿನ ಬಂದಿಲ್ಲ.
ಒಂದ್ಸಲ ಪುಂಗನೂರಿಗೆ, ತಂಗಿ ಹೆರಿಗೆಗೆ.
ಇನ್ನೊಂದ್ಸಲ ಯಾಕೋ ನೆನಪಿಲ್ಲ.
ಆದ್ರೆ ಬಂದಿಲ್ಲ.'

ಹನ್ನೆರಡರಲ್ಲಿ ಎರಡು ಕಳೆದರೆ ಹತ್ತು.
ಬೇಕಾದದ್ದು ಹನ್ನೊಂದು.
ಫ್ಯಾನು ತಿರುಗುತ್ತಿತ್ತು.
ಇಷ್ಟು ಸತ್ಯ ಯಾರು ಕೇಳಿದ್ದರು?

ಮರುದಿನ ತಾಯಲೂರಿಗೆ ಬಸ್ಸು ಹಿಡಿದು ಹೋದೆ.
ಹೊಂಗೆ ಮರಕ್ಕೆ ತೂಗಿಬಿಟ್ಟ ರೈಲು ಕಂಬಿಯ ತುಂಡು,
ಹೊಡೆದಲ್ಲಿ ಮಾತ್ರ ತುಕ್ಕಿಲ್ಲ,
ಹಣೆಯ ಬೊಟ್ಟಿನಷ್ಟು ಹೊಳಪು.
ಒಳಗೆ ಟ್ರಂಕು; ಟ್ರಂಕಿನಲ್ಲಿ ಗೆದ್ದಲು ಮುಟ್ಟದ
ತಪಾಸಣಾ ಅಧಿಕಾರಿಗಳ ಭೇಟಿ ಪುಸ್ತಕ.
ಕೆಂಪು ಗೆರೆಯ ಒಂದು ದಿನ, ನೀಲಿ ಶಾಯಿ:
'ಹತ್ತು ಗಂಟೆಗೆ ಸರಿಯಾಗಿ ಗಂಟೆ ಬಾರಿಸಲಾಯಿತು.
ಅಂಗಳ ಶುಚಿಯಾಗಿಡಲಾಗಿದೆ.
ಕುಡಿಯಲು ನೀರು ಒದಗಿಸಲಾಯಿತು.'

ಬಾರಿಸಲಾಯಿತು.
ಇಡಲಾಗಿದೆ.
ಒದಗಿಸಲಾಯಿತು.
ಕೊಡ ಸೊಂಟದಲ್ಲಿಟ್ಟು ಬೋರ್‌ವೆಲ್ಲಿಂದ ನಡೆದು ಬಂದ ಹೆಂಗಸು
ಈ ಮೂರು ವಾಕ್ಯದೊಳಗೆ ಎಲ್ಲಿ ಹೋದಳು?
ನಾನೂ ಎಂಟು ತಿಂಗಳಿಂದ ಇದನ್ನೇ ಕಲಿತಿದ್ದೆ,
ಯಾರೂ ಇಲ್ಲದೆ ಎಲ್ಲವೂ ನಡೆದುಹೋಗುವ ಕನ್ನಡ.

ಟಿಪ್ಪಣಿ ಹಾಳೆಯಲ್ಲಿ ಬರೆದೆ:
ಗಂಗುಲಮ್ಮ ಗಂಟೆ ಹೊಡೆದರು. ಗಂಗುಲಮ್ಮ ಗುಡಿಸಿದರು.
ಗಂಗುಲಮ್ಮ ನೀರು ತಂದರು.
ಹನ್ನೆರಡೂ ದಿನ.

ಹನ್ನೆರಡು ಎಂದೇ ಬರೆದೆ.
ಆ ಸುಳ್ಳು ನನ್ನ ಸೇವಾ ಪುಸ್ತಕದಲ್ಲಿ ಎಲ್ಲೂ ನಮೂದಾಗಿಲ್ಲ.

ಸೂಪರಿಂಟೆಂಡೆಂಟ್ ಆರಾಧ್ಯರು ಕನ್ನಡಕ ಎತ್ತಿ,
'ಏನ್ರೀ ಫರ್ಜಾನಾ, ಕಥೆ ಬರೆದಿದ್ದೀರಾ?
"ನಿರ್ವಹಿಸಲಾಗಿದೆ" ಅಂತ ತಿದ್ದಿ' ಎಂದರು.
ತಿದ್ದಲಾಗುವುದು ಎಂದು ಹೇಳಿ ಹೊರಬಂದೆ.
ತಿದ್ದಲಿಲ್ಲ.

ಕಡತ ಕೋಲಾರಕ್ಕೆ ಹೋಯಿತು. ಇನ್ನೂ ಅಲ್ಲೇ ಇದೆ.
ನಾನು ಆರನೇ ಇಸವಿಯ ಏಪ್ರಿಲ್ ದಾಟಿ ಸೇರಿದವಳು;
ನನಗೆ ಹಳೆಯ ಪಿಂಚಣಿ ಇಲ್ಲ,
ಮೂವತ್ತು ವರ್ಷ ದುಡಿದರೂ
ನನ್ನ ದಿನಗಳನ್ನು ಹೀಗೆ ಬೆರಳು ಮಡಿಚಿ
ಯಾರೂ ಎಣಿಸಬೇಕಾಗಿಲ್ಲ.

ಪ್ರತಿ ಸೋಮವಾರ ಬರುತ್ತಾಳೆ, ಕೇಳುತ್ತಾಳೆ, ಏಳುತ್ತಾಳೆ.
ನಿನ್ನೆ ಬಾಗಿಲ ಬಳಿ ಹೋದವಳು ಥಟ್ಟನೆ ನಿಂತಳು.
ರಸ್ತೆಯಾಚೆಯ ಹೈಸ್ಕೂಲಿನಲ್ಲಿ ಬೆಲ್ಲು.
ಬಿಸಿಲು ನೋಡಿದಳು, ನನ್ನ ಗೋಡೆ ಗಡಿಯಾರ ನೋಡಲಿಲ್ಲ.
'ಎರಡು ನಿಮಿಷ ತಡ' ಎಂದು
ಚಪ್ಪಲಿ ಮೆಟ್ಟಿಕೊಂಡಳು.