ಸೂಜಿಯ ನಂಬರು

ಕಾಸರಗೋಡಿನಲ್ಲಿ ಸೂಜಿ ಹಿಡಿಯುವ ಮೊದಲು
ಭಾಷೆ ಕೇಳಬೇಕು.

ಒಮ್ಮೆ ಕೇಳಿರಲಿಲ್ಲ ನಾನು.
‘ಉಸಿರು ಹಿಡೀರಿ’ ಎಂದೆ. ಚೆರ್ಕಳದಾಚೆಯ ಮುದುಕ
ಏನೋ ತಿಳಿದು ಎದೆತುಂಬ ಎಳೆದುಕೊಂಡ.
ಗಂಟು ಎರಡು ಬೆರಳು ಕೆಳಗೆ ಜಾರಿತು,
ಸೂಜಿ ಇದ್ದಲ್ಲೇ ಇತ್ತು.
ಕುಸಿದ ಶ್ವಾಸಕೋಶ, ಪಕ್ಕೆಗೆ ನಳಿಗೆ, ನಾಲ್ಕು ರಾತ್ರಿ
ಬಾಟಲಿಯಲ್ಲಿ ಗುಳುಗುಳು.
ಐದನೆಯ ದಿನ ಅವನೇ ನನಗೆ ಸಮಾಧಾನ ಹೇಳಿ ಹೋದ.

ಇವತ್ತು ತಳಂಗರೆಯ ಅಂದುಂಞಿಚ್ಚ. ಅರವತ್ತೆಂಟು.
ಎಂಟರಿಂದಲೂ ಟೊಪ್ಪಿಗೆ ಕಸೂತಿ ಹಾಕಿದ ಕೈ.
ಬಲಗಡೆ, ಕೆಳಹಾಲೆಯಲ್ಲಿ, ಬೆನ್ನಿಗೆ ಹತ್ತಿರ
ನೆಲ್ಲಿಯ ಬೀಜದಷ್ಟು ನೆರಳು.
‘ಸೂಜಿ ಎಷ್ಟು ನಂಬರು?’ ಕವುಚಿ ಮಲಗಿಕೊಂಡೇ ಕೇಳುತ್ತಾರೆ.
ಹತ್ತೊಂಬತ್ತು. ಅದರೊಳಗೆ ಇಪ್ಪತ್ತು.
ನಂಬರು ಏರಿದಷ್ಟೂ ಸೂಜಿ ಸಣ್ಣ ಎಂಬುದನ್ನು
ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಆಸ್ಪಿರಿನ್ ನಿಲ್ಲಿಸಿ ಏಳು ದಿನ, ಹೌದಲ್ಲ?
ಹೌದು. ಕೆಮ್ಮು ಬಂದರೆ?
ಬರುವ ಮೊದಲೇ ಬೆರಳೆತ್ತಿ.
ಆಮೇಲೆ ಪಾಠ, ಸೂಜಿಯಿಲ್ಲದೆ ಮೂರು ಸಲ:
‘ಶ್ವಾಸಂ ಪಿಡಿಕ್ಕೂ.’ ‘ವಿಟ್ಟೋಳೂ.’
ಪೂರ್ತಿ ಎಳೆಯಬೇಡಿ, ಮಾತಿನ ನಡುವೆ ತಡೆದಷ್ಟು ಸಾಕು.
ಪ್ರತಿ ಸಲವೂ ಅಷ್ಟೇ.
‘ಹೊಲಿಗೆಯೂ ಹಾಗೇ,’ ಅಂದರು ದಿಂಬಿನೊಳಗಿಂದ.

ಪಕ್ಕೆಲುಬಿನ ಕೆಳ ಅಂಚಿಗೆ ರಕ್ತನಾಳ ಅಡಗಿರುತ್ತದೆ;
ಮೇಲಂಚನ್ನು ಸವರಿಕೊಂಡೇ ಒಳಹೋಗಬೇಕು.
ಪೊರೆ ದಾಟುವುದು ಒಂದೇ ಸಲ.
ಕೋನ ತಿದ್ದುವುದೆಲ್ಲ ಈಚೆಗೇ ತಿದ್ದಿಕೋ,
ಆಚೆ ಹೋಗಿ ತಿದ್ದಿದರೆ ಹರಿಯುತ್ತದೆ.
ಇದು ನನಗೆ ನಾನೇ ಹೇಳಿಕೊಳ್ಳುವುದು, ಕನ್ನಡದಲ್ಲಿ.

‘ಪಿಡಿಕ್ಕೂ.’
ಗಾಜಿನಾಚೆ ಜಲಜಾಕ್ಷಿ ಚಿತ್ರ ತೆಗೆದಳು.
ತುದಿ ಗಂಟಿನ ಅಂಚಲ್ಲಿದೆ.
ಟಕ್.
ಆ ಸದ್ದಿಗೆ ಬೆಚ್ಚಬೇಡಿ ಅನ್ನಲು ಮರೆತಿದ್ದೆ.
ಅವರು ಅಲುಗಲಿಲ್ಲ, ಕಿರುಬೆರಳೂ.

ಫಾರ್ಮಲಿನ್ನಿನಲ್ಲಿ ಬಿಳಿಯ ಎಳೆ,
ಬಿಡಿ ಹೊಲಿಗೆಯೊಂದರ ಉದ್ದ.
ಬರಿಯ ಶ್ವಾಸಕೋಶವಾದರೆ ತೇಲಬೇಕಿತ್ತು.
ಮುಳುಗಿತು.

ಬೆನ್ನಡಿಯಾಗಿ ಹೊರಳಿಸಿದೆವು, ಚುಚ್ಚಿದ ಕಡೆಯೇ ಕೆಳಗಿರಬೇಕು.
ಎರಡು ಗಂಟೆ ಮಾತಿಲ್ಲ, ನಗೆಯಿಲ್ಲ.
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದೆ,
ನಂಬದೆ ಮತ್ತೊಮ್ಮೆ: ಗಾಳಿ ಸೋರಿಲ್ಲ.
ಅವರು ಕಣ್ಣಲ್ಲೇ ಹತ್ತಿರ ಕರೆದು ತುಟಿಯಲುಗಿಸಿದರು:
‘ಕಿಟ್ಟಿಯೋ?’

ಕಿಟ್ಟಿ, ಅಂದೆ. ಸಿಕ್ಕಿತು.
ಏನು ಸಿಕ್ಕಿತೆಂದು ಯಾವ ಭಾಷೆಯಲ್ಲೂ ಕೇಳಲಿಲ್ಲ ಅವರು.
ಅಳೆದು ಅಳೆದು, ಅಷ್ಟಷ್ಟೇ ಉಸಿರಾಡುತ್ತಿದ್ದರು ಇನ್ನೂ.
ಪಾಠ ಮುಗಿಯಿತೆಂದು
ನಾನು ಹೇಳಿರಲೇ ಇಲ್ಲ.