ತುಲನಾತ್ಮಕ ಪಟ್ಟಿ

ಹುಲ್ಲು ಕತ್ತರಿಸುವ ಯಂತ್ರ, ಒಂದು.
ನಿಯಮದಂತೆ ಕೊಟೇಶನ್ನು ಮೂರು.
ಹೊಳಲ್ಕೆರೆ ರಸ್ತೆಯ ಅಂಗಡಿಯದು ಪೆಟ್ರೋಲು,
ಬಿ.ಡಿ. ರಸ್ತೆಯದು ಕರೆಂಟು,
ಮೂರನೆಯದು ದಾವಣಗೆರೆಯಿಂದ ಬಂದದ್ದು, ಬ್ಯಾಟರಿ;
ಅದರ ಬೆಲೆ ನೋಡಿ ಸರ್ವಮಂಗಳಮ್ಮ ಮೇಡಂ
ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಅದೇ ಬೆಲೆಯನ್ನು ಮತ್ತೆ ನೋಡಿದರು.

ಉಳಿದದ್ದು ಎರಡು.
ಗೆರೆ ಎಳೆದೆ. ಎಡಕ್ಕೆ ಪೆಟ್ರೋಲು, ಬಲಕ್ಕೆ ಕರೆಂಟು.

ಪಾಲಯ್ಯನನ್ನು ಕರೆಸಿ ಕೇಳಿದೆ.
ಇಪ್ಪತ್ತೆರಡು ವರ್ಷ ಪೆಟ್ರೋಲಿನದನ್ನೇ ತಳ್ಳಿದವನು.
"ಹಳೇದು ಹೆಂಗೆ ಅಂದ್ರೆ ಸ್ವಾಮಿ,
ಹಗ್ಗ ಏಳು ಸಲ ಎಳೆದ್ರೆ ಬರೀ ಕೆಮ್ಮತೈತೆ,
ಎಂಟಕ್ಕೆ ಎದ್ರೆ ನಮ್ಮ ಪುಣ್ಯ.
ಎದ್ದಮೇಲೆ ಯಾರ ಮಾತೂ ಕೇಳಲ್ಲ.
ರಾತ್ರಿ ಉಣ್ಣಕ್ಕೆ ಕುಂತ್ರೆ
ಮುದ್ದೆ ಮುರಿಯೋ ಕೈ ಇನ್ನೂ ನಡುಗ್ತಿರ್ತೈತೆ."
ಬಿಡಿಭಾಗ ಸಿಗುವುದಿಲ್ಲ ಎಂದಿದ್ದಾನೆ ಮೆಕ್ಯಾನಿಕ್ಕು.
ಬಂಕಿನವನು ಬಾಟಲಿಗೆ ಹಾಕುವುದಿಲ್ಲ,
ಪ್ರತಿ ಸಲ ಶಾಲೆಯ ಸೀಲಿನ ಪತ್ರ ಬೇಕು.
ಬರೆದೆ: ಎಡಕ್ಕೆ, ಅನಾನುಕೂಲ.

"ಕರೆಂಟಿಂದು?"
"ವೈರು ನೂರಡಿ. ಹುಲ್ಲು ನೂರಾ ನಲವತ್ತು.
ಮಿಕ್ಕ ನಲವತ್ತಕ್ಕೆ ಮೇಕೆ ಬಿಡ್ಲಾ?"
ತನ್ನ ವೈರನ್ನು ತಾನೇ ಕೊಯ್ದುಕೊಳ್ಳುವ ಜಾತಿ ಬೇರೆ.
ಹನ್ನೊಂದಕ್ಕೆ ಹೋದ ಕರೆಂಟು ಎರಡಕ್ಕೆ ಬಂದರೆ ಬಂತು.
ಕಿಟಕಿಯಾಚೆ ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ
ಗಾಳಿಯಂತ್ರಗಳು ಹಗಲಿಡೀ ಮೂರು ಮೂರು ಕೈ ಬೀಸುತ್ತವೆ,
ಆ ಕರೆಂಟು ನಮ್ಮ ತಲೆಯ ಮೇಲೇ ಹಾದು
ಎಲ್ಲಿಗೋ ಹೋಗುತ್ತದೆ.
ಬರೆದೆ: ಬಲಕ್ಕೆ, ಅನಾನುಕೂಲ.

ಶಬ್ದ ಎಂಬ ಸಾಲಿಗೆ ಬಂದೆ.
ಪೆಟ್ರೋಲು: ಭಾರಿ. ಕರೆಂಟು: ಅಲ್ಪ.
ಯಾವುದು ಅನುಕೂಲ ಎಂದು ಬರೆಯಹೋಗಿ
ಪೆನ್ನು ನಿಂತಿತು.
ನಮ್ಮದು ಕಿವುಡ ಮಕ್ಕಳ ಶಾಲೆ.

ಗುರುವಾರ ಅಂಗಡಿಯವನು ಕರೆಂಟಿನದನ್ನು ತಂದು ತೋರಿಸಿದ.
ಕಿತ್ತಳೆ ಬಣ್ಣ, ಹೊಸ ಚಪ್ಪಲಿಯ ವಾಸನೆ.
ತಳ್ಳಿದ, ಹುಲ್ಲು ಬಿತ್ತು,
ಮೇಡಂ ಫೋನಿನ ಮಾತು ನಿಲ್ಲಿಸಬೇಕಾಗಲಿಲ್ಲ,
ಗುಬ್ಬಿ ಕೂಡ ಏಳಲಿಲ್ಲ.
ಚೆನ್ನಾಗಿದೆ ಎಂದರು ಎಲ್ಲರೂ.
ಚೆನ್ನಾಗಿಯೇ ಇತ್ತು.

ಅಂಗಳದಂಚಿಗೆ ನೆಟ್ಟ ಕಲ್ಲುಚಪ್ಪಡಿಗಳಿಗೆ
ಅಂಗೈ ಒತ್ತಿ, ಕೆನ್ನೆ ಒತ್ತಿ
ನಿಂತಿದ್ದರು ಹದಿನಾಲ್ಕು ಮಕ್ಕಳು.
ಪ್ರತಿ ಗುರುವಾರ ಹೀಗೇ ನಿಲ್ಲುತ್ತಾರಂತೆ.
ಹನ್ನೊಂದು ವರ್ಷದಿಂದ ಗುರುವಾರ ಬಂದರೆ
ಸದ್ದು ತಾಳದೆ ಕಿಟಕಿ ಮುಚ್ಚಿ ಕೂರುತ್ತಿದ್ದೆ ನಾನು.

ಮೂರನೇ ತರಗತಿಯ ಗೌಸಿಯಾ ಓಡಿ ಬಂದು
ನಡೆಯುತ್ತಿದ್ದ ಯಂತ್ರದ ಹಿಡಿ ಮುಟ್ಟಿ ನೋಡಿದಳು.
ಪಾಲಯ್ಯನತ್ತ ತಿರುಗಿ
ಎರಡೂ ಕೈ ಜೋಡಿಸಿ ಕೆನ್ನೆಗಿಟ್ಟು ತಲೆ ವಾಲಿಸಿದಳು:
ಮಲಗಿದೆಯಾ?

ಅಂಗಡಿಯವನು ನಕ್ಕ.
ಪಾಲಯ್ಯ ಷೆಡ್ಡಿಗೆ ಹೋದ.
ಹಗ್ಗ ಏಳು ಸಲ ಎಳೆದದ್ದು ನಮಗೆಲ್ಲ ಕೇಳಿಸಿತು.
ಎಂಟು.
ಕಲ್ಲು ನಡುಗಿದ್ದು ನನಗೆ ಕಾಣಲಿಲ್ಲ,
ಕಲ್ಲಿಗೊತ್ತಿದ ಮುಖಗಳು ಕಂಡವು.

ಕೊಂಡದ್ದು ಕರೆಂಟಿನದನ್ನೇ.
ಕಡಿಮೆ ಬೆಲೆ, ಠರಾವು, ಐದು ಸಹಿ.
ವೈರಿಗೆ ನಲವತ್ತಡಿ ಗಂಟುಹಾಕಿಸಿದೆವು.
ಪಾಲಯ್ಯನ ಕೈ ಈಗ ಮುದ್ದೆಯ ಮುಂದೆ ಸುಮ್ಮನಿರುತ್ತದಂತೆ;
ಹೇಳುವಾಗ ಕೈಯನ್ನು ತಿರುಗಿಸಿ ನೋಡಿಕೊಂಡ,
ಬೇರೆ ಯಾರದೋ ಎಂಬಂತೆ.

ಹಳೆಯದರ ಬ್ಲೇಡು ಬಿಚ್ಚಿ ಅಟ್ಟಕ್ಕಿಟ್ಟಿದ್ದಾನೆ.
ಗುರುವಾರ, ಗಂಟೆಯ ಬದಲಿನ ದೀಪ ಮಿನುಗಿ ಶಾಲೆ ಬಿಟ್ಟಮೇಲೆ
ಅದನ್ನು ಚಪ್ಪಡಿಗೆ ಒರಗಿಸಿ ಹತ್ತು ನಿಮಿಷ ಓಡಿಸುತ್ತಾನೆ.
ಅದು ಏನನ್ನೂ ಕತ್ತರಿಸುವುದಿಲ್ಲ.

ಮಾರ್ಚಿಗೆ ಆಡಿಟ್ಟು.
ತಿಂಗಳಿಗೆ ಒಂದೂವರೆ ಲೀಟರ್ ಪೆಟ್ರೋಲು
ಯಾವ ಬಾಬ್ತಿಗೆ ಬರೆಯಲಿ?
ಸೊಳ್ಳೆ ಹೊಗೆ ಎಂದು ಬರೆದು ಹೊಡೆದುಹಾಕಿದೆ.
ಪಾಠೋಪಕರಣ ಎಂದೆ. ಮೇಡಂ ಏನನ್ನುತ್ತಾರೋ.

ಇವತ್ತು ಗುರುವಾರ. ಕಿಟಕಿ ತೆರೆದಿದೆ.
ಅವನು ಹಗ್ಗ ಎಳೆಯುತ್ತಿದ್ದಾನೆ,
ಇದು ಆರನೆಯದು.